ಹೊಸ ಊರಿನ ಮೊದಲ ಕುಣಿ

ಹೆಣ ಮನೆಯ ಮುಂದಿತ್ತು. ಕುಣಿ ಎಲ್ಲಿ ತೋಡಬೇಕೆಂದು ಇನ್ನೂ ತೀರ್ಮಾನವಾಗಿರಲಿಲ್ಲ. ಆಲಮಟ್ಟಿ ಹಿನ್ನೀರಿನಲ್ಲಿ ಹಳೆಯ ಊರು ಮುಳುಗಿ, ದಂಡೆಯ ಮೇಲಿನ ಈ ಹೊಸ ಊರಿಗೆ ಬಂದು ಎಂಟು ತಿಂಗಳಾಗಿತ್ತಷ್ಟೆ. ಇಲ್ಲಿ ಸತ್ತವರಲ್ಲಿ ಭೀಮಶ್ಯಾನೇ ಮೊದಲಿಗ.

"ಸುಡಗಾಡಕ್ಕ ಊರ ಹಿಂದ ಜಾಗಾ ಕೊಟ್ಟಾರ ಯವ್ವಾ," ಎಂದರು ಶಾಲೆಯ ಗುರುನಾಥ ಮಾಸ್ತರು.

ಶೆಟ್ಟೆವ್ವ ಗಂಡನ ಕಾಲ ಬಳಿಯಿಂದ ಎದ್ದು ನೀರಿನ ಕಡೆಗೆ ನಡೆದಳು. ಈಗ ಆ ನೀರಿನ ತಳ ಸೇರಿದ ಹಳೆಯ ಊರಲ್ಲೇ ಅವನು ತೀರಿಹೋದ ಆರು ವರ್ಷದ ಮಗಳನ್ನು ಕೈಯಾರೆ ಮಣ್ಣು ಮಾಡಿದ್ದ. ಊರು ಬಿಡುವ ದಿನ ಆ ಗುಡ್ಡೆಯ ಮುಂದಿನಿಂದ ಅವನನ್ನು ಎಬ್ಬಿಸಲು ನಾಲ್ಕು ಮಂದಿ ಬೇಕಾಗಿತ್ತು.

ದಂಡೆಯಲ್ಲಿ ನಿಂತು, ಹಿಮ್ಮಡಿಯಿಂದ ನೆಲಕ್ಕೆ ಗೆರೆ ಎಳೆದಳು.

"ಇಲ್ಲೇ ತೋಡ್ರಿ. ಅಪ್ಪ ಬಂದಾನಂತ ಅಕಿಗೆ ಗೊತ್ತಾಗ್ಲಿ."

ಮಾಸ್ತರು ಸಲಿಕೆ ಕೈಗೆತ್ತಿಕೊಂಡರು.