ಹೆಸರು ಹೇಳದ ಮನೆಗಳು

ಜೆರೆಡ್‌ನ ತುಟಿ ಅಲುಗಿತು. ಕ್ಯಾಪ್ಟನ್ ಓಬೆದ್ ಟ್ರಸ್ಲೋ ಮಗನ ಬಾಯಿಗೆ ಕಿವಿಯಿಟ್ಟ. ರಕ್ತದ ನೊರೆ ಬಂತು. ಮಾತು ಬರಲಿಲ್ಲ.

ಬೆಳಿಗ್ಗೆ ಹೊಳೆ ದಾಟುವ ಜಾಗದಲ್ಲಿ ಬಿದ್ದಿದ್ದವನನ್ನು ಹಲಗೆಯ ಮೇಲೆ ಹೊತ್ತು ತಂದು ಅಡುಗೆಮನೆಯ ಮೇಜಿನ ಮೇಲೆ ಮಲಗಿಸಿದ್ದರು. ಗುಂಡು ಎದೆಗೆ ಹೊಕ್ಕಿತ್ತು. ತೂತಿನ ಸುತ್ತ ಅಂಗಿ ಕರಕಲಾಗಿತ್ತು. ನಾಲ್ಕು ವರ್ಷಗಳಲ್ಲಿ ಕ್ಯಾಪ್ಟನ್ ಇಬ್ಬರು ಮಕ್ಕಳನ್ನೂ ಒಬ್ಬ ತಮ್ಮನನ್ನೂ ಇದೇ ಮೇಜಿನ ಮೇಲೆ ತೊಳೆಸಿ ಮಣ್ಣಿಗೆ ಕೊಟ್ಟಿದ್ದ. ಉಳಿದವನು ಇವನೊಬ್ಬ.

"ಕ್ಯಾಪ್ಟನ್, ಸ್ವಲ್ಪ ಜಾಗ ಬಿಡು," ಎಂದಳು ತಿರ್ಜಾ. ಕತ್ತರಿಯಿಂದ ಅಂಗಿ ಸೀಳಿ ತೆಗೆದು ಒಲೆಗೆ ಹಾಕಿದಳು. ಗಾಯಕ್ಕೆ ಬಿಸಿನೀರಿನ ಬಟ್ಟೆ ಒತ್ತಿದಳು.

ಹೇಳಿ ಕಳಿಸುವ ಮೊದಲೇ ಅವಳು ಬಂದಿದ್ದಳು. ಯಾವಾಗಲೂ ಹಾಗೆಯೇ. ಹೊಳೆಯ ಈಚೆ ಕ್ಯಾಪ್ಟನ್ ಟ್ರಸ್ಲೋನ ಮನೆ, ಆಚೆ ಜಡ್ಜ್ ಸಿಲ್ವೇನಸ್ ಟ್ರಸ್ಲೋನ ಮನೆ. ಎರಡು ಮನೆಗಳ ಹೆಣಗಳನ್ನೂ ತೊಳೆಯುವವಳು ಅವಳೇ. ತೊಳೆದು, ಬಿಳಿ ಅಂಗಿ ತೊಡಿಸಿ, ಹೂಳುವ ತನಕ ನಿಲ್ಲದೆ ಹೊರಟುಬಿಡುವಳು. ಕೆಂಟಕಿಯ ಆ ಬೆಟ್ಟಗಳಲ್ಲಿ ಹೆಂಗಸಿನ ಮೇಲೆ ಗುಂಡು ಹಾರಿಸಿದವನಿಗೆ ಸ್ವಂತ ತಾಯಿಯೂ ಅನ್ನವಿಡುತ್ತಿರಲಿಲ್ಲ. ಅವಳ ಬಿಳಿ ಏಪ್ರನ್ ಕಂಡರೆ ಎರಡು ಕಡೆಯವರೂ ಬಂದೂಕು ತಗ್ಗಿಸಿ ಟೊಪ್ಪಿಗೆ ತೆಗೆಯುತ್ತಿದ್ದರು.

ಜಗಳ ಹುಟ್ಟಿದ್ದು ಹೆಸರಿನಿಂದ. ಕ್ಯಾಪ್ಟನ್ ಯುದ್ಧದಲ್ಲಿ ಕಣಿವೆ ಕಾದವನು, ಜಡ್ಜ್ ಶಾಸನಸಭೆಯಲ್ಲಿ ಕುಳಿತು ಬಂದವನು. ಟ್ರಸ್ಲೋ ಕೌಂಟಿ ಎಂಬ ಆ ಜಿಲ್ಲೆಗೆ ಹೆಸರು ಬಂದದ್ದು ತನ್ನ ಅಜ್ಜನಿಂದ ಎಂದು ಇಬ್ಬರೂ ಸಾಧಿಸಿದರು. ನಿಮ್ಮಜ್ಜ ಈ ಬೆಟ್ಟ ಹತ್ತಿದ್ದು ನಮ್ಮಜ್ಜನ ಹಂದಿ ಕಾಯುವುದಕ್ಕೆ ಎಂದು ಸಂತೆಯಲ್ಲಿ ಯಾರೋ ಅಂದ. ಬಂದೂಕುಗಳು ಎದ್ದವು. ಮೊದಲ ಗುಂಡು ತಗುಲಿದ್ದು ಮಾತ್ರ ಹಿಟ್ಟಿನ ಮೂಟೆ ಹೊತ್ತು ನಡುವೆ ಸಿಕ್ಕಿಕೊಂಡಿದ್ದ ಗಿರಣಿಯ ಈಥನ್‌ಗೆ. ತಿರ್ಜಾಳ ಒಬ್ಬನೇ ಮಗ.

ಅಂದು ಅವಳು ಎರಡು ಮನೆಗಳ ಬಾಗಿಲಿಗೂ ಹೋಗಿ, ಹೊಡೆದವನು ಯಾರು ಎಂದಷ್ಟೇ ಕೇಳಿದಳು. ಎರಡು ಮನೆಯವರೂ ತಲೆ ತಗ್ಗಿಸಿದರು. ಗುಂಡು ಹಾರಿಸಿದವನು ಮನೆಯಲ್ಲಿ ಹೇಳುವಂತಿಲ್ಲ, ಮನೆಯವರು ಕೇಳುವಂತಿಲ್ಲ; ಹಾಗಿದ್ದರೆ ಕೋರ್ಟಿನಲ್ಲಿ ಬೈಬಲ್ ಮುಟ್ಟಿ ಯಾರೂ ಸುಳ್ಳಾಡಬೇಕಾಗುವುದಿಲ್ಲ. ಅದು ಅಲ್ಲಿನ ಪದ್ಧತಿ. ತಿರ್ಜಾ ಮತ್ತೆ ಕೇಳಲಿಲ್ಲ.

ಈಗ ಕ್ಯಾಪ್ಟನ್ ಗಡಿಯಾರ ನೋಡಿದ. ಮಧ್ಯಾಹ್ನ ಚರ್ಚಿನಲ್ಲಿ ರಾಜಿ. ಪಾದ್ರಿ ಆರು ತಿಂಗಳು ಹೊಳೆಯ ಎರಡು ದಡಕ್ಕೂ ಅಲೆದು ಗೊತ್ತುಮಾಡಿದ ದಿನ. ರಾಜಿಯ ದಿನವೇ ಜೆರೆಡ್‌ನನ್ನು ಹೊಡೆದರು, ಜಡ್ಜ್‌ನ ಮನೆ ಸುಡೋಣ ಎಂದು ಅಂಗಳದಲ್ಲಿ ಗಂಡಸರು ಕುದಿಯುತ್ತಿದ್ದರು. ಆದರೆ ಹೋಗದಿದ್ದರೆ ಸಂಜೆಯೊಳಗೆ ಹೊಳೆ ಕೆಂಪಾಗುತ್ತದೆ, ಜೆರೆಡ್‌ನನ್ನು ಮುಗಿಸಲು ಅವರು ಮನೆಗೇ ಬರುತ್ತಾರೆ. ಈ ಒಬ್ಬನನ್ನು ನನಗೆ ಬಿಡು ತಂದೆಯೇ ಎಂದು ಕ್ಯಾಪ್ಟನ್ ಮೊಣಕಾಲೂರಿ ಬೇಡಿದ.

"ಕಣ್ಣು ಬಿಟ್ಟರೆ ಹೊಡೆದವನ ಹೆಸರು ಹೇಳ್ತಾನೆ, ತಿರ್ಜಾ."

"ಹೇಳ್ತಾನೆ," ಎಂದಳು ಅವಳು, ಬಟ್ಟೆ ಹಿಂಡುತ್ತ. "ಹೋಗಿ ಬಾ. ನಾನು ಪಕ್ಕ ಬಿಟ್ಟು ಏಳೋದಿಲ್ಲ."

ಮನೆಯ ಸುತ್ತ ಹದಿನಾಲ್ಕು ಬಂದೂಕು ನಿಲ್ಲಿಸಿ, ಗಂಡಸಾದವನು ಯಾರೂ ಒಳಗೆ ಕಾಲಿಡಕೂಡದೆಂದು ಆಜ್ಞೆ ಮಾಡಿ ಕ್ಯಾಪ್ಟನ್ ಕುದುರೆ ಹತ್ತಿದ.

ಚರ್ಚಿನಲ್ಲಿ ಜಡ್ಜ್ ಒಬ್ಬನೇ ಕುಳಿತಿದ್ದ, ಮುದುಕನಾಗಿಬಿಟ್ಟಿದ್ದ. ಪಾದ್ರಿ ಬೈಬಲ್ ತೆರೆದಿಟ್ಟ. ಪದ್ಧತಿ ಮುರಿದು ಹೆಸರು ಹೇಳಬೇಕು, ಹೇಳಿದ ಮೇಲೆ ಕ್ಷಮಿಸಬೇಕು. ಅದು ರಾಜಿಯ ಷರತ್ತು.

"ನನ್ನ ಜೆರೆಡ್‌ನ ಇವತ್ತು ಹೊಡೆದವನು ಯಾರು?" ಎಂದ ಕ್ಯಾಪ್ಟನ್.

ಜಡ್ಜ್‌ನ ಮುಖ ಬಿಳಚಿತು. "ನಮ್ಮವರಲ್ಲ ಓಬೆದ್. ನಿನ್ನೆ ಸಂಜೆಯೇ ಬಂದೂಕೆಲ್ಲ ಕಣಜದಲ್ಲಿಟ್ಟು ಬೀಗ ಹಾಕಿಸಿದೆ."

ಪಾದ್ರಿ ಕೋಟಿನಿಂದ ಬೀಗದ ಕೈ ತೆಗೆದು ತೋರಿಸಿದ. ಇವತ್ತು ಹೊತ್ತೇರುವವರೆಗೂ ಅವರೆಲ್ಲ ತನ್ನ ಕಣ್ಣೆದುರು ಪ್ರಾರ್ಥನೆಯಲ್ಲಿದ್ದರು ಎಂದ.

"ಈಗ ನೀನು ಹೇಳು," ಎಂದ ಜಡ್ಜ್. "ನನ್ನ ಮಗ ಸೈಲಸ್‌ನ ಕೊಂದವನು ಯಾರು?"

ಕ್ಯಾಪ್ಟನ್ ಬೈಬಲಿನ ಮೇಲೆ ಕೈಯಿಟ್ಟ. ಸೈಲಸ್ ಸತ್ತದ್ದು ತನ್ನ ಹಿರಿಯ ಮಗ ಅಬ್ನರ್‌ನನ್ನು ಹೂಳಿದ ದಿನ. ತನ್ನವನೊಬ್ಬ ಸಮಾಧಿಯ ಬಳಿಯಿಂದ ಜಾರಿಹೋಗಿ ಸೇಡು ತೀರಿಸಿಕೊಂಡನೆಂದು ಇಷ್ಟು ದಿನ ನಂಬಿದ್ದ, ಕೇಳಿರಲಿಲ್ಲ. ಈಗ ಒಬ್ಬೊಬ್ಬರ ಮುಖ ನೆನೆದ. ಪೆಟ್ಟಿಗೆ ಇಳಿಸುವ ಹಗ್ಗ ಹಿಡಿದು ಎಲ್ಲರೂ ನಿಂತಿದ್ದರು. ಒಬ್ಬನೂ ಕಡಿಮೆಯಿರಲಿಲ್ಲ.

"ನಮ್ಮವರಲ್ಲ," ಎಂದ.

ಇಬ್ಬರೂ ಸತ್ತವರನ್ನು ಒಬ್ಬೊಬ್ಬರಾಗಿ ಹೆಸರಿಸಿದರು, ಈಚೆಯ ಮೂವರು, ಆಚೆಯ ಮೂವರು. ಹೊಡೆದವನು ಒಬ್ಬನೂ ಸಿಗಲಿಲ್ಲ.

"ಸೈಲಸ್‌ನ ಬಂದೂಕು ಹೆಗಲಿನಿಂದ ಇಳಿದೇ ಇರಲಿಲ್ಲ," ಎಂದ ಜಡ್ಜ್ ಮೆಲ್ಲಗೆ. "ಟೊಪ್ಪಿಗೆ ಕೈಯಲ್ಲಿತ್ತು."

"ಅಬ್ನರ್‌ನದೂ ಕೈಯಲ್ಲೇ ಇತ್ತು," ಎಂದ ಕ್ಯಾಪ್ಟನ್.

ಜಡ್ಜ್ ಎದ್ದು ನಿಂತು ಅವನ ತೋಳು ಹಿಡಿದ.

"ಓಬೆದ್, ನಿನ್ನ ಮಗನ ಹತ್ತಿರ ಯಾರನ್ನ ಬಿಟ್ಟು ಬಂದೆ?"