ಚಡಾವು ಹತ್ತದ ಕಾರು

ಎಂಜಿನ್ ಪೂರ್ತಿ ಬಿಚ್ಚಿ ರಿಪೇರಿ ಮಾಡಿಸಿ ಬೆಳಿಗ್ಗೆ ಒಯ್ದಿದ್ದ ಕಾರನ್ನು ಯಜಮಾನರು ಮಧ್ಯಾಹ್ನವೇ ಗ್ಯಾರೇಜಿಗೆ ವಾಪಸ್ ತಂದರು.

“ಎಷ್ಟು ತುಳಿದ್ರೂ ಎಳೆಯಲ್ಲ ಕಣಯ್ಯ! ಚಡಾವಲ್ಲಿ ಸೈಕಲ್ಲಿನವನು ನನ್ನನ್ನ ಹಿಂದೆ ಹಾಕಿ ಹೋದ.”

“ನಾನು ಓಡಿಸಿ ನೋಡ್ದಾಗ ಗಾಳಿ ಥರ ಹೋಯ್ತಲ್ಲ ಸಾರ್!”

ಮೆಕ್ಯಾನಿಕ್ ಫಿಲ್ಟರು, ಪ್ಲಗ್ಗು, ಪಂಪು ಎಲ್ಲ ಬಿಚ್ಚಿ ನೋಡಿದ. ಏನೂ ಸಿಗಲಿಲ್ಲ.

“ಎಂಜಿನ್ ಮತ್ತೆ ಇಳಿಸ್ಬೇಕೇನೋ. ಇಲ್ಲಿಂದ ಹೋದ್ಮೇಲೆ ಬೇರೆ ಯಾರಾದ್ರೂ ಕೈ ಹಾಕಿದ್ರಾ?”

“ಯಾರೂ ಇಲ್ಲ. ಸೀದಾ ಗಣಪತಿ ಗುಡಿಗೆ ಹೋದೆ. ಇನ್ನು ಯಾವ ವಿಘ್ನವೂ ಬರದಿರಲಿ ಅಂತ ಪೂಜೆ ಮಾಡಿಸಿ, ಕಾಯಿ ಒಡೆಸ್ಕೊಂಡು ಬಂದೆ, ಅಷ್ಟೇ.”

ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟ. ಡ್ರೈವರ್ ಸೀಟಿನ ಬಳಿ ಬಗ್ಗಿ, ಆಕ್ಸಿಲರೇಟರ್ ಪೆಡಲಿನ ಹಿಂದೆ ಕೈ ತೂರಿಸಿ, ಅಲ್ಲಿಗೆ ಉರುಳಿ ಸಿಕ್ಕಿಕೊಂಡಿದ್ದ, ಕುಂಕುಮ ಮೆತ್ತಿದ ತೆಂಗಿನ ಹೋಳನ್ನು ಹೊರತೆಗೆದ.