ಮಂತ್ರಿಸಿದ ಗರಿ

ಪಾಸ್ಕ ಹಬ್ಬದ, ಅಂದರೆ ಈಸ್ಟರಿನ, ಹಿಂದಿನ ದಿನ ಬೆಳಿಗ್ಗೆ, ಹರಿಹರದ ಚರ್ಚು ಗುಡಿಸಲು ಬಂದ ಅಂಜಿನವ್ವನ ಕೈಯಿಂದ ಸಿಸಿಲಿಯಾ ಟೀಚರ್ ಕಸಬರಿಗೆಯನ್ನು ಕಸಿದುಕೊಂಡರು. ಹೊಚ್ಚ ಹೊಸ ಈಚಲ ಕಸಬರಿಗೆ. ಹಿಡಿಯ ಹತ್ತಿರ ಗರಿಯಲ್ಲೇ ಹೆಣೆದ ಪುಟ್ಟ ಶಿಲುಬೆ ಬೇರೆ.

"ಈ ಗರಿ ಎಲ್ಲಿಂದ ತಂದದ್ದು?"

"ಇಲ್ಲಿಂದನೇ ಟೀಚರಮ್ಮ. ಹೋದ ಐತವಾರ ಗರಿ ಹಬ್ಬದಾಗ ಸ್ವಾಮೇರು ಮಂತ್ರಿಸಿ ಕೊಟ್ರಲ್ಲ, ಪೂಜಿ ಮುಗಿದ ಮ್ಯಾಲೆ ಮಂದಿ ಬೆಂಚಿನ ಮ್ಯಾಲೆ ಬಿಟ್ಟು ಹೋಗಿದ್ರು. ಆಯ್ಕೊಂಡು ಹೋಗಿ ಕಟ್ಟೀನಿ. ಸಂತ್ಯಾಗ ಮಾರೋ ಕಸಬರಗಿ ದೇವರ ಮನಿಗೆ ಹೆಂಗ ತರ್ಲಿ?"

"ಅಯ್ಯೋ ದೇವರೇ! ಮಂತ್ರಿಸಿದ ಗರಿಯಲ್ಲಿ ಕಸ ಗುಡಿಸುವುದಾ? ಜ್ಞಾನಸ್ನಾನ ಆಗಿ ಕ್ರೈಸ್ತಳಾಗಿ ಎರಡು ವರ್ಷ ಆಯ್ತು, ಇಷ್ಟೂ ತಿಳಿಯುವುದಿಲ್ಲವಾ ಮಾರಾಯ್ತಿ? ನಾಳೆಯಿಂದ ಈ ಕೆಲಸಕ್ಕೆ ಬೇರೆ ಯಾರನ್ನಾದರೂ ನೋಡುತ್ತೇನೆ."

ಆ ಕೆಲಸಕ್ಕೆ ಸಂಬಳವಿರಲಿಲ್ಲ. ಅಂಜಿನವ್ವನೇ ಕೇಳಿ ಪಡೆದದ್ದು. ಮೊದಲ ವರ್ಷ ಯಾವಾಗ ಏಳಬೇಕು, ಯಾವಾಗ ಮೊಣಕಾಲೂರಬೇಕು ತಿಳಿಯದೆ ಬಾಗಿಲ ಹತ್ತಿರವೇ ನಿಂತಿದ್ದವಳು ಅವಳು. ಹೋದ ವರ್ಷ ಪಾಸ್ಕದ ಜಾಗರಣೆಯಲ್ಲಿ, ಗುರುತು ಪರಿಚಯವಿಲ್ಲದ ಮುದುಕರೊಬ್ಬರು ತಮ್ಮ ಮೇಣದಬತ್ತಿಯಿಂದ ಅವಳ ಬತ್ತಿ ಹೊತ್ತಿಸಿದಾಗ, ಇದು ನನ್ನ ಮನೆಯೂ ಹೌದು ಅನ್ನಿಸಿತ್ತು. ಮನೆಯೆಂದ ಮೇಲೆ ಗುಡಿಸಬೇಡವೇ?

ಗದ್ದಲ ಕೇಳಿ ಫಾದರ್, ಅಂಜಿನವ್ವನ ಬಾಯಲ್ಲಿ ಸ್ವಾಮೇರು, ಒಳಗಿಂದ ಬಂದರು. ಕಸಬರಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಎಷ್ಟು ಬಿಗಿಯಾಗಿ ಕಟ್ಟಿದ್ದೀರಿ ಮಾರ್ತಮ್ಮ!" ಜ್ಞಾನಸ್ನಾನದ ಹೆಸರು ಹಿಡಿದು ಅವಳನ್ನು ಕರೆಯುವವರು ಅವರೊಬ್ಬರೇ. "ಆದರೆ ಟೀಚರ್ ಹೇಳಿದ್ದು ಸರಿ. ಇದರಲ್ಲಿ ಗುಡಿಸೋ ಹಾಗಿಲ್ಲ. ಎಸೆಯೋ ಹಾಗೂ ಇಲ್ಲ. ವಿಭೂತಿ ಬುಧವಾರ ಎಲ್ಲರ ಹಣೆಗೆ ಹಚ್ಚೋ ಬೂದಿ ಹಳೇ ಗರಿ ಸುಟ್ಟೇ ಮಾಡೋದು. ಅಲ್ಲಿವರೆಗೆ ಇದು ನನ್ನ ಹತ್ತಿರ ಇರಲಿ."

ಪೂಜಾವಸ್ತ್ರಗಳ ಕೋಣೆಯ ಗೋಡೆಗೆ, ಮೊಳೆಯೊಂದಕ್ಕೆ ಅದನ್ನು ನೇತುಹಾಕಿದರು. ಅಂಜಿನವ್ವ ದುಡುದುಡು ಮನೆಗೆ ಹೋಗಿ ಅರ್ಧ ಗಂಟೆಯಲ್ಲಿ ಇನ್ನೊಂದನ್ನು ತಂದಳು. "ಇದು ಸಂತಿಗೆ ಕಟ್ಟಿದ್ದು ಟೀಚರಮ್ಮ. ಯಾರೂ ಮಂತ್ರಿಸಿಲ್ಲ," ಎಂದವಳೇ ಪೀಠದಿಂದ ಗೇಟಿನವರೆಗೆ ಗುಡಿಸಿದಳು. ಟೀಚರ್ ಮೂಲೆ ಮೂಲೆ ಹುಡುಕಿದರೂ ಒಂದು ಕಡ್ಡಿ ಸಿಗಲಿಲ್ಲ. ಬೇರೆಯವರನ್ನು ನೋಡುವ ಮಾತನ್ನು ಮತ್ತೆ ಎತ್ತಲಿಲ್ಲ.

ಮರುವರ್ಷ, ವಿಭೂತಿ ಬುಧವಾರದಿಂದ ಶುರುವಾಗುವ ತಪಸ್ಸುಕಾಲ ಹತ್ತಿರ ಬಂತು. ಹಳೆಯ ಗರಿ ತಂದುಕೊಡಿ ಎಂದು ಫಾದರ್ ಎರಡು ಭಾನುವಾರ ಸಾರಿದರು. ಒಬ್ಬರ ಮನೆಯದು ಗೆದ್ದಲು ತಿಂದಿತ್ತು, ಇನ್ನೊಬ್ಬರದು ಸುಣ್ಣ ಹೊಡೆಯುವಾಗ ಕಳೆದಿತ್ತು. ಟೀಚರ್ ಮನೆಯದಂತೂ ಇಟ್ಟ ಜಾಗವೇ ಮರೆತುಹೋಗಿತ್ತು. ಒಟ್ಟಾದ ಗರಿ ಒಂದು ಹಿಡಿಯೂ ಆಗಲಿಲ್ಲ. ಮಂಗಳವಾರ ಸಂಜೆ ಫಾದರ್ ಒಳಗೆ ಹೋಗಿ ಕಸಬರಿಗೆಯನ್ನು ತಂದರು. ಎಲ್ಲರೆದುರೇ ಕಬ್ಬಿಣದ ಬಾಣಲೆಯಲ್ಲಿಟ್ಟು ಬೆಂಕಿ ಹಚ್ಚಿದರು. ಹಿಡಿಯ ಶಿಲುಬೆ ಕೊನೆಗೆ ಉರಿಯಿತು. ಅಂಜಿನವ್ವನಿಗೆ ಅಳುವೂ ಬಂತು, ನಗುವೂ ಬಂತು.

ಬುಧವಾರದ ಪೂಜೆ ಮುಗಿಸಿ ಹೊರಬಂದರೆ ಗೇಟಿನ ಬಳಿ ಮಾಬೂಬೀ. ಸಂತೆಯಲ್ಲಿ ಅಂಜಿನವ್ವನ ಪಕ್ಕದಲ್ಲೇ ಬಳೆ ಹರಡಿಕೊಂಡು ಕೂರುವವಳು.

"ಏನ್ ಅಂಜಿನವ್ವ, ಹಣಿಗೆ ಮಸಿ ಬಡ್ಕೊಂಡು ಬಂದೀಯಲ್ಲ?"

"ಮಸಿ ಅಲ್ಲ ಮಾಬೂಬೀ, ನನ್ನ ಕಸಬರಗಿ."

ಹೆಮ್ಮೆ ಪಾಪವೆಂದು ಅಂಜಿನವ್ವನಿಗೆ ಈಗ ಚೆನ್ನಾಗಿಯೇ ಗೊತ್ತು. ಅದನ್ನು ಶನಿವಾರದ ಪಾಪನಿವೇದನೆಗೆ ಇಟ್ಟುಕೊಂಡು, ಇವತ್ತು ತಲೆ ಎತ್ತಿ ನಿಂತಳು.

"ನಗಬ್ಯಾಡ. ಅಲ್ಲಿ ನೋಡು, ಡಾಕ್ಟರ್ ಸಾಹೇಬ್ರ ಹಣಿ ನೋಡು. ಸ್ವಾಮೇರ ಹಣಿ ನೋಡು. ಎಲ್ಲಾ ನಾನು ಕಟ್ಟಿದ್ದೇ."

ಅಷ್ಟರಲ್ಲಿ ಸಿಸಿಲಿಯಾ ಟೀಚರ್ ಮೆಟ್ಟಿಲಿಳಿದು ಬಂದರು. ಬಿಸಿಲಿಗೆ ಅವರ ಹಣೆ ಬೆವೆತು, ಬೂದಿ ಮೂಗಿನತ್ತ ಇಳಿಯುತ್ತಿತ್ತು. ಒರೆಸಿಕೊಳ್ಳಲು ಸೆರಗು ಎತ್ತಿದವರು ಅಂಜಿನವ್ವನನ್ನು ಕಂಡು, ಸೆರಗನ್ನು ಹಾಗೆಯೇ ಕೆಳಗಿಳಿಸಿದರು.